ಪಕ್ಷ ಬೇರೆಯಾದರೂ ಪಕ್ಕದ ಮನೆ ಬೇರೆಯಾಗದಿರಲಿ

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಆವರಣದಲ್ಲಿ ಜರುಗಿದ ಗ್ರಾಮ ಸೌಹಾರ್ದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ಅದನ್ನು ಅವರೇ ಹೇಳಲಿ. ನಮ್ಮೆಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಹಿರಂಗವಾಗಿ ಎತ್ತದಿರುವ ಒಂದು ವಿಷಯವನ್ನು ಇಂದು ನಿಮ್ಮ ಮುಂದಿಡಬೇಕೆಂದು ನಾನು ನಿಶ್ಚಯಿಸಿದ್ದೇನೆ. ಕಳೆದ ಪಂಚಾಯಿತಿ ಚುನಾವಣೆಯ ತರುವಾಯ ನಮ್ಮ ಊರಿನ ಕೆಲವು ಮನೆಗಳವರು ಪರಸ್ಪರ ಮುಯ್ಯಾಳು ಕೊಡುವುದನ್ನು ನಿಲ್ಲಿಸಿದ್ದಾರೆ. ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ಒಂದರಲ್ಲಿ ನಾಟಿ ಮುಗಿದು ಪೈರು ಹಸಿರೇರಿದ್ದರೆ, ಮತ್ತೊಂದರವರ ಸಸಿ ಮಡಿಯಲ್ಲಿಯೇ ಬಲಿತು ಹೋದುದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅದು ನೀರಿನ ಕೊರತೆಯಿಂದ ಆದುದಲ್ಲ. ಮದುವೆಯ ಕರೆಯೋಲೆ ಹಂಚುವವರು ಒಂದೇ ಬೀದಿಯಲ್ಲಿ ಒಂದು ಮನೆಗೆ ಹೋಗಿ, ಅದರ ಪಕ್ಕದ ಮನೆಯನ್ನು ದಾಟಿ, ಮೂರನೆಯ ಮನೆಗೆ ಹೋಗುತ್ತಿದ್ದಾರೆ. ಇದು ಹೀಗೆಯೇ ಮುಂದುವರಿದರೆ ಮುಂದಿನ ಚುನಾವಣೆಯ ಹೊತ್ತಿಗೆ ನಮ್ಮಲ್ಲಿ ಉಳಿಯುವುದು ಊರಲ್ಲ, ಕೇವಲ ಮನೆಗಳ ಸಾಲು.

ಆದುದರಿಂದ ನೆರೆಹೊರೆಯ ಪರಸ್ಪರ ಸಹಾಯವೆಂಬುದು ಏನು, ಅದು ಹೇಗೆ ನಡೆಯುತ್ತಿತ್ತು, ರಾಜಕೀಯ ಭಿನ್ನಾಭಿಪ್ರಾಯಗಳ ನಡುವೆಯೂ ಅದು ಉಳಿಯಬೇಕಾದರೆ ನಾವು ಏನು ಮಾಡಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಆಡಲು ಅಪ್ಪಣೆ ಕೊಡಬೇಕು.

ನಮ್ಮ ಹಿರಿಯರು 'ಮುಯ್ಯಿ' ಎಂಬ ಒಂದು ಶಬ್ದವನ್ನು ನಮಗೆ ಬಿಟ್ಟುಹೋಗಿದ್ದಾರೆ. ಹಿಂದಿರುಗಿಸಬೇಕಾದುದು ಎಂಬುದೇ ಅದರ ಅರ್ಥ. ಇಂದು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ ಬರುವುದು ಮುಯ್ಯಾಳು. ಮದುವೆಯ ಮನೆಯಲ್ಲಿ ಚಪ್ಪರದ ಕೆಳಗೆ ಕುಳಿತು, ಪುಸ್ತಕದಲ್ಲಿ ಬರೆದುಕೊಂಡು, ಮುಂದೆ ಅವರ ಮನೆಯ ಮದುವೆಗೆ ಹಿಂದಿರುಗಿಸುವ ಉಡುಗೊರೆಯೂ ಮುಯ್ಯಿಯೇ. ಆದರೆ ಇದೇ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು. ಹಗೆ ತೀರಿಸಿಕೊಳ್ಳುವುದನ್ನೂ ನಾವು 'ಮುಯ್ಯಿಗೆ ಮುಯ್ಯಿ' ಎಂದೇ ಕರೆಯುತ್ತೇವೆ. ಉಪಕಾರವನ್ನು ಹಿಂದಿರುಗಿಸುವುದಕ್ಕೂ ಅಪಕಾರವನ್ನು ಹಿಂದಿರುಗಿಸುವುದಕ್ಕೂ ನಮ್ಮ ನುಡಿಯಲ್ಲಿ ಒಂದೇ ಹೆಸರಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಯಾರ ಸಂಗಡ ಕೊಡುಕೊಳ್ಳುವ ಲೆಕ್ಕ ಇದೆಯೋ ಅವರ ಸಂಗಡವೇ ಹಗೆಯ ಲೆಕ್ಕವೂ ಹುಟ್ಟುತ್ತದೆ. ದೂರದ ಊರಿನವನ ಮೇಲೆ ನಮಗೆ ಮುಯ್ಯಿ ಇರುವುದಿಲ್ಲ. ಯಾವ ಮುಯ್ಯಿಯನ್ನು ನಡೆಸಿಕೊಂಡು ಹೋಗಬೇಕೆಂಬುದನ್ನು ಪ್ರತಿಯೊಂದು ಊರೂ, ಪ್ರತಿಯೊಂದು ತಲೆಮಾರೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಮುಯ್ಯಾಳಿನ ಪದ್ಧತಿ ಹುಟ್ಟಿದುದು ಕೇವಲ ಔದಾರ್ಯದಿಂದಲ್ಲ, ಅಗತ್ಯದಿಂದ. ಭತ್ತದ ಸಸಿಯನ್ನು ಸಾಮಾನ್ಯವಾಗಿ 21ರಿಂದ 30 ದಿನಗಳ ಒಳಗೆ ಕಿತ್ತು ನೆಡಬೇಕು. ತಡವಾದರೆ ಸಸಿ ಬಲಿಯುತ್ತದೆ, ತೆಂಡೆ ಕಡಿಮೆಯಾಗುತ್ತದೆ, ಇಳುವರಿ ಕುಗ್ಗುತ್ತದೆ. ಒಂದು ಎಕರೆಯ ನಾಟಿಯನ್ನು ಒಂದೇ ದಿನದಲ್ಲಿ ಮುಗಿಸಬೇಕಾದರೆ 10-12 ಮಂದಿಯಾದರೂ ಬೇಕು. ಮನೆಯಲ್ಲಿರುವವರು ಇಬ್ಬರೋ ಮೂವರೋ. ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲ. ಆಗ ಐದಾರು ಮನೆಗಳವರು ಕೂಡಿ, ಸೋಮವಾರ ಇವರ ಗದ್ದೆ, ಮಂಗಳವಾರ ಅವರ ಗದ್ದೆ ಎಂದು ಸರದಿ ಗೊತ್ತುಮಾಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟ ಗದ್ದೆಯವರದು. ಆಳಿಗೆ ಆಳು, ದಿನಕ್ಕೆ ದಿನ. ಒಕ್ಕಣೆಯಲ್ಲಿಯೂ, ಬಣವೆ ಒಟ್ಟುವಾಗಲೂ, ಮನೆಯ ಮಾಡು ಹೊದಿಸುವಾಗಲೂ ಇದೇ ಕ್ರಮ. ಈ ಸರದಿಯನ್ನು ಗೊತ್ತುಮಾಡುವಾಗ ಯಾರದು ಯಾವ ಪಕ್ಷವೆಂದು ಕೇಳಿದವರಿಲ್ಲ. ಯಾರ ಸಸಿ ಮೊದಲು ಹದಕ್ಕೆ ಬಂದಿದೆ ಎಂದು ಮಾತ್ರ ಕೇಳುತ್ತಿದ್ದರು.

ನೀರಿನ ವಿಷಯದಲ್ಲಿಯೂ ಹಾಗೆಯೇ. ನಮ್ಮ ರಾಜ್ಯದ ಬಯಲು ಸೀಮೆಯಲ್ಲಿ ಸಾವಿರಾರು ಕೆರೆಗಳಿವೆ. ಅನೇಕ ಊರುಗಳಲ್ಲಿ ತೂಬಿನ ನೀರನ್ನು ಹಂಚುವುದು ನೀರುಗಂಟಿಯ ಹೊಣೆಯಾಗಿತ್ತು. ಕೆರೆ ತುಂಬದ ವರ್ಷ ಎಷ್ಟು ಭೂಮಿಗೆ ನೀರು ಸಾಲುತ್ತದೆಂದು ಅಂದಾಜು ಮಾಡಿ, ಎಲ್ಲರೂ ತಂತಮ್ಮ ಹಿಡುವಳಿಯ ಒಂದು ಭಾಗದಲ್ಲಿ ಮಾತ್ರ ಬೆಳೆಯಿಡಬೇಕೆಂದು ಕಟ್ಟುಮಾಡಿಕೊಳ್ಳುವ ಪದ್ಧತಿಯೂ ಇತ್ತು. ಕೆರೆಯ ಹೂಳೆತ್ತುವುದು, ಏರಿಯನ್ನು ಕಾಯುವುದು ಊರೊಟ್ಟಿನ ಕೆಲಸ. ಏರಿ ಒಡೆದರೆ ನೀರು ಯಾರ ಗದ್ದೆಯನ್ನೂ ಬಿಟ್ಟು ಹರಿಯುವುದಿಲ್ಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಇದೇ ಮನೋಭಾವಕ್ಕೆ ಕಾನೂನಿನ ರೂಪ ದೊರೆತುದು ಸಹಕಾರ ಸಂಘಗಳಲ್ಲಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಆ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯನ್ನು ವಿಧಿಸಲಾಗಿತ್ತು. ಅಂದರೆ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ನೆರೆಯವನ ಸಾಲಕ್ಕೆ ನಾನು ಜಾಮೀನು ನಿಲ್ಲಬೇಕಾದರೆ ಅವನ ಮೇಲೆ ನನಗೆ ಎಷ್ಟು ನಂಬಿಕೆ ಇರಬೇಕು! ಇಂದು ಅನೇಕ ಸಹಕಾರ ಸಂಘಗಳ ಚುನಾವಣೆಗಳು ವಿಧಾನಸಭಾ ಚುನಾವಣೆಗಿಂತಲೂ ಬಿರುಸಾಗಿ ನಡೆಯುತ್ತಿರುವುದನ್ನು ನೋಡುವಾಗ ಆ ನಂಬಿಕೆ ಎಲ್ಲಿ ಹೋಯಿತೆಂದು ವ್ಯಥೆಯಾಗುತ್ತದೆ.

ಬಂಧುಗಳೇ, ಹಿಂದಿನ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಈ ಸಭೆಯಲ್ಲಿರುವ ಅನೇಕರಿಗೆ ಅನ್ಯಾಯವಾಗುತ್ತದೆ. ಮುಯ್ಯಾಳು ನಡೆಯುತ್ತಿದ್ದುದು ಬಹುಮಟ್ಟಿಗೆ ಹೊಲಗದ್ದೆ ಉಳ್ಳವರ ನಡುವೆ, ಸರಿಸಮಾನರ ನಡುವೆ. ಹಿಂದಿರುಗಿಸಲು ಏನೂ ಇಲ್ಲದ ವಿಧವೆಗೆ, ಭೂಮಿಯಿಲ್ಲದ ಕೂಲಿಗಾರನಿಗೆ ಆ ಸರದಿಯಲ್ಲಿ ಸ್ಥಾನವಿರಲಿಲ್ಲ. ಊರಾಚೆಯ ಕೇರಿಯವರು ದುಡಿದುದು ಮುಯ್ಯಾಳಾಗಿ ಅಲ್ಲ, ಬಿಟ್ಟಿಯಾಗಿ, ಜೀತವಾಗಿ. ಒಂದೇ ಬಾವಿಯ ನೀರು ಸಹ ಅವರಿಗೆ ನಿಷಿದ್ಧವಾಗಿತ್ತು. ಬಿಟ್ಟಿ ದುಡಿಮೆಯನ್ನು ನಮ್ಮ ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿತು. ಅಸ್ಪೃಶ್ಯತೆಯನ್ನು 17ನೆಯ ಅನುಚ್ಛೇದ ತೊಡೆದುಹಾಕಿತು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ 1976ರಲ್ಲಿ ಬಂದಿತು. ಆದುದರಿಂದ ನಾವು ಮುಯ್ಯಿಯನ್ನು ಮರಳಿ ತರಬೇಕೆಂದಾಗ, ಹಿಂದೆ ಹೊರಗುಳಿದವರನ್ನೂ ಒಳಗೊಂಡ ಮುಯ್ಯಿಯನ್ನು ತರಬೇಕೇ ಹೊರತು ಹಳೆಯ ಬೇಲಿಯನ್ನು ಮತ್ತೆ ಕಟ್ಟಬಾರದು.

ರಾಜಕೀಯವೂ ಹಳ್ಳಿಗೆ ಹೊಸದಲ್ಲ. ಪ್ರಸಿದ್ಧ ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು ಅಲ್ಲಿಯ ಜೀವನವನ್ನು ಅಭ್ಯಾಸ ಮಾಡಿದರು. ಆ ಹಳ್ಳಿಯ ಬಣಗಳನ್ನೂ ಪೈಪೋಟಿಗಳನ್ನೂ ಅವರು ವಿವರವಾಗಿ ಬರೆದಿದ್ದಾರೆ. ಇಂದು ಪತ್ರಿಕೆಗಳಲ್ಲಿ ದಿನನಿತ್ಯ ಓದುವ 'ವೋಟ್ ಬ್ಯಾಂಕ್' ಎಂಬ ಮಾತನ್ನು 1955ರ ಲೇಖನವೊಂದರಲ್ಲಿ ಬಳಕೆಗೆ ತಂದವರೂ ಅವರೇ. ದಿಲ್ಲಿಯ ರಾಜಕೀಯವನ್ನು ನೋಡಿ ಹುಟ್ಟಿದ ಮಾತಲ್ಲ ಅದು. ನಮ್ಮಂಥದೇ ಒಂದು ಹಳ್ಳಿಯನ್ನು ನೋಡಿ ಹುಟ್ಟಿದುದು. ಬಣವಿಲ್ಲದ ಊರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಹಾಗೆಂದು ಚುನಾವಣೆಯೇ ಕೇಡೆಂದು ಯಾರೂ ಭಾವಿಸಬಾರದು. ಚುನಾವಣೆಗಳಿಲ್ಲದ ಕಾಲದಲ್ಲಿ ಊರಿನ ತೀರ್ಮಾನಗಳು ಎರಡು ಮೂರು ಜಗಲಿಗಳ ಮೇಲೆ ಆಗುತ್ತಿದ್ದವು. 1983ರ ಕಾಯಿದೆಯ ಮೇರೆಗೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಸೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಗಿತ್ತು. ಆ ಕಾಯಿದೆಯ ಹಿಂದೆ ದುಡಿದ ಅಬ್ದುಲ್ ನಜೀರ್ ಸಾಬರನ್ನು, ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದ ಕಾರಣದಿಂದ ಜನರು 'ನೀರ್ ಸಾಬ್' ಎಂದು ಪ್ರೀತಿಯಿಂದ ಕರೆದರು. ತರುವಾಯ ಸಂವಿಧಾನದ 73ನೆಯ ತಿದ್ದುಪಡಿಯೂ, ಅದನ್ನು ಅನುಸರಿಸಿ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೂ ಬಂದವು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆಯನ್ನು ಪಕ್ಷಗಳ ಚಿಹ್ನೆಯಿಲ್ಲದೆ ನಡೆಸುವುದೇ ನಿಯಮ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಪಕ್ಷಗಳಿರಲಿ, ಮನೆಗೆ ಮನೆ ತಾಗಿಕೊಂಡಿರುವ ಊರಿನಲ್ಲಿ ಬೇಡ ಎಂಬುದು ಆ ನಿಯಮದ ಆಶಯ. ಚಿಹ್ನೆಯನ್ನು ಮತಪತ್ರದಿಂದ ತೆಗೆದುಹಾಕುವುದು ಕಾನೂನಿಗೆ ಸಾಧ್ಯ. ಮನಸ್ಸಿನಿಂದ ತೆಗೆಯುವುದು ನಮ್ಮ ಕೆಲಸ.

ನಾನು ಎಳೆಯ ಗುರುವಾಗಿದ್ದಾಗ ಬೇರೊಂದು ಧರ್ಮಕೇಂದ್ರದಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಊರಿನಲ್ಲಿ ಎರಡು ಪಕ್ಷಗಳ ಮುಂದಾಳುಗಳಾಗಿದ್ದ ಇಬ್ಬರು ರೈತರು ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದರು. ಒಂದು ಬೇಸಿಗೆಯ ರಾತ್ರಿ ಅವರಲ್ಲೊಬ್ಬರ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತು. ಊರಿನವರು ಕೂಗುತ್ತ ಓಡಿ ಬರುವಷ್ಟರಲ್ಲಿ ಎದುರು ಪಕ್ಷದವರು ತಮ್ಮ ಮಕ್ಕಳೊಡನೆ ಅಲ್ಲಿದ್ದರು; ತಮ್ಮ ಬಾವಿಯ ನೀರನ್ನು ಕೊಡಗಳಲ್ಲಿ ಸಾಗಿಸುತ್ತಿದ್ದರು. ಬಣವೆ ಉಳಿಯಲಿಲ್ಲ, ಕೊಟ್ಟಿಗೆ ಉಳಿಯಿತು. ಮರುದಿನ ಯಾರೋ, "ನಿಮಗೂ ಅವರಿಗೂ ಆಗುವುದಿಲ್ಲವಲ್ಲ, ನೀವೇಕೆ ಹೋದಿರಿ?" ಎಂದು ಕೇಳಿದರಂತೆ. ಅದಕ್ಕೆ ಅವರು, "ಆ ಕೊಟ್ಟಿಗೆಯ ತೊಲೆ ಏರಿಸಿದ ದಿನ ನಾನೂ ಹೆಗಲು ಕೊಟ್ಟಿದ್ದೆ" ಎಂದಷ್ಟೇ ಹೇಳಿದರು. ಆ ವಾರ ಊರಿನ ಮನೆಮನೆಯಿಂದ ಹುಲ್ಲಿನ ಹೊರೆಗಳು ಬಂದವು. ಅವರೂ ಒಂದು ಗಾಡಿ ಹುಲ್ಲು ಕಳುಹಿಸಿದರು, ತಾವು ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಇಬ್ಬರೂ ಎಂದಿನಂತೆಯೇ ಎದುರುಬದುರು ನಿಂತು ಪ್ರಚಾರ ಮಾಡಿದರು.

ಅವರು ಒಂದಾಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನೆರೆಹೊರೆಯ ಧರ್ಮಕ್ಕೆ ಏಕಾಭಿಪ್ರಾಯದ ಅವಶ್ಯಕತೆಯಿಲ್ಲ. ಸ್ನೇಹದ ಅವಶ್ಯಕತೆಯೂ ಇಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರ ಬೆವರು ಬಿದ್ದಿದೆಯೆಂಬ ನೆನಪೊಂದಿದ್ದರೆ ಸಾಕು. ಮುಯ್ಯಾಳು ನಿಂತುಹೋದಾಗ ನಾವು ಕಳೆದುಕೊಳ್ಳುವುದು ಕೆಲವು ದಿನಗಳ ದುಡಿಮೆಯನ್ನು ಮಾತ್ರವಲ್ಲ, ಈ ನೆನಪನ್ನು. ಇಂದು ನಾಟಿಯ ಯಂತ್ರ ಬಂದಿದೆ, ಕೊಯ್ಲಿನ ಯಂತ್ರ ಬಂದಿದೆ. ಅವುಗಳಿಂದ ಬೆನ್ನು ಬಗ್ಗಿಸುವ ಕಷ್ಟ ತಪ್ಪಿದೆ. ಅದು ಸಂತೋಷದ ವಿಷಯ. ಆದರೆ ಯಂತ್ರಕ್ಕೆ ಬಾಡಿಗೆ ಕೊಟ್ಟರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಮುಯ್ಯಿಯ ಲೆಕ್ಕ ಮುಗಿಯುವುದಿಲ್ಲ. ಅದು ಮುಗಿಯದಿರುವುದೇ ಅದರ ಗುಣ. ಆದುದರಿಂದ ಯಂತ್ರಗಳ ಈ ಕಾಲದಲ್ಲಿ ನೆರೆಹೊರೆಯ ಋಣವನ್ನು ಬೇರೆ ಕೆಲಸಗಳಲ್ಲಿ ನಾವು ಬೇಕೆಂದೇ ಉಳಿಸಿಕೊಳ್ಳಬೇಕಾಗಿದೆ.

ಆಪತ್ತಿನ ಕಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ಸರ್ಕಾರದ ನೆರವು ತಲಪುವ ಮೊದಲೇ ಅನೇಕ ಕಡೆ ಸಹಾಯಕ್ಕೆ ಒದಗಿದವರು ನೆರೆಯವರು. ಅದೇ ತಿಂಗಳು ಕೇರಳದಲ್ಲಿ ಮಹಾ ಪ್ರವಾಹ ಬಂದಾಗ ಕಡಲ ತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದರು. ಪಕ್ಷ ವೈಷಮ್ಯಕ್ಕೆ ಕೇರಳ ಹೆಸರಾದ ನಾಡು. ಆದರೂ ಮಾಳಿಗೆಯ ಮೇಲೆ ನಿಂತು ಕೈಬೀಸುತ್ತಿದ್ದವನು ಯಾವ ಬಾವುಟದವನೆಂದು ದೋಣಿಯವರು ವಿಚಾರಿಸಲಿಲ್ಲ. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ಮುಳುಗಿದಾಗ ದೂರದೂರದ ಊರುಗಳಿಂದ ರೊಟ್ಟಿಯ ಗಂಟುಗಳು ಹೋದವು. 2020ರ ಲಾಕ್‌ಡೌನ್ ಸಮಯದಲ್ಲಿ ನಗರಗಳಿಂದ ಕೆಲಸ ಕಳೆದುಕೊಂಡು ಬಂದವರಿಗೆ ಹಳ್ಳಿಗಳ ಅದೆಷ್ಟೋ ಮನೆಗಳವರು ಅಕ್ಕಿ ಅಳೆದುಕೊಟ್ಟರು. ಪ್ರಳಯ ಬಂದಾಗ ಮಾಡಬಲ್ಲೆವಾದರೆ ಪ್ರಳಯವಿಲ್ಲದ ದಿನಗಳಲ್ಲಿ ಏಕೆ ಮಾಡಬಾರದು ಎಂಬುದೇ ನನ್ನ ಪ್ರಶ್ನೆ.

ಗುರುವಾಗಿ ನನ್ನ ಧರ್ಮದ ಮಾತನ್ನೂ ಒಂದಿಷ್ಟು ಹೇಳಬೇಕಾಗಿದೆ. ಸಂತ ಲೂಕರ ಶುಭಸಂದೇಶದಲ್ಲಿ ಬರುವ ಒಳ್ಳೆಯ ಸಮಾರಿಯನ ಸಾಮತಿ ನಿಮಗೆಲ್ಲ ತಿಳಿದಿದೆ. ಯೆಹೂದ್ಯರಿಗೂ ಸಮಾರಿಯರಿಗೂ ಇದ್ದುದು ಸಣ್ಣ ಮನಸ್ತಾಪವಲ್ಲ; ದೇವರನ್ನು ಯಾವ ಬೆಟ್ಟದ ಮೇಲೆ ಆರಾಧಿಸಬೇಕೆಂಬಲ್ಲಿಂದ ಹಿಡಿದು ಶತಮಾನಗಳ ಹಗೆ. ಸಮಾರಿಯನು ಗಾಯಾಳುವಿನ ಅಭಿಪ್ರಾಯವನ್ನು ವಿಚಾರಿಸಲಿಲ್ಲ. ಗಾಯ ಕಟ್ಟಿದನು, ತನ್ನ ವಾಹನದ ಮೇಲೆ ಕೂರಿಸಿದನು, ಛತ್ರದವನಿಗೆ ಹಣ ಕೊಟ್ಟು ಮುಂದಿನ ವೆಚ್ಚಕ್ಕೂ ಹೊಣೆಯಾದನು. ಮರುದಿನ ತನ್ನ ದಾರಿಯನ್ನು ಹಿಡಿದನು. ಅವನು ಯೆಹೂದ್ಯನಾಗಲಿಲ್ಲ, ಗಾಯಾಳು ಸಮಾರಿಯನಾಗಲಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2020ರ ಅಕ್ಟೋಬರಿನಲ್ಲಿ ಸೋದರತ್ವವನ್ನು ಕುರಿತು ಹೊರಡಿಸಿದ ವಿಶ್ವಪತ್ರದ ಒಂದು ಇಡೀ ಅಧ್ಯಾಯವನ್ನು ಈ ಸಾಮತಿಗೇ ಮೀಸಲಿಟ್ಟರು. ಇನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ, ಲೌಕಿಕ ವ್ಯವಹಾರಗಳಲ್ಲಿ ಕ್ರೈಸ್ತರಿಗೆ ನ್ಯಾಯವಾದ ಭಿನ್ನಾಭಿಪ್ರಾಯಗಳಿರಬಹುದೆಂದೂ, ಯಾರೂ ಧರ್ಮಸಭೆಯ ಅಧಿಕಾರವನ್ನು ತಮ್ಮೊಬ್ಬರ ಅಭಿಪ್ರಾಯಕ್ಕೆ ಬೆಂಬಲವಾಗಿ ಬಳಸಿಕೊಳ್ಳಬಾರದೆಂದೂ ಬೋಧಿಸಿತು. ಆದುದರಿಂದ ಈ ಬಲಿಪೀಠಕ್ಕೆ ಯಾವ ಪಕ್ಷವೂ ಇಲ್ಲ. ಗುರುಗಳು ನಮ್ಮ ಕಡೆ ಎಂದು ಯಾರಾದರೂ ಹೇಳಿದರೆ ದಯಮಾಡಿ ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಚುನಾವಣೆಯ ಹಿಂದಿನ ರಾತ್ರಿ ಕೊಡುವ ಹಣವನ್ನೂ ಸೀರೆಯನ್ನೂ ಕೆಲವರು ಮುಯ್ಯಿಯೆಂದು ಭಾವಿಸಿ, "ಅವರದ್ದು ಉಂಡಿದ್ದೇವೆ, ಋಣ ತೀರಿಸಬೇಕು" ಎನ್ನುತ್ತಾರೆ. ಅದು ಮುಯ್ಯಿಯಲ್ಲ, ವ್ಯಾಪಾರ. ಹಾಗೆಯೇ, ಸಹಾಯ ಮಾಡಿದವನು ಅದನ್ನು ತೋರಿಸಿ ಮತವನ್ನು ಕೇಳಿದರೆ ಆ ಸಹಾಯ ಅಲ್ಲಿಯೇ ಕೆಟ್ಟುಹೋಗುತ್ತದೆ. ಆಳಿಗೆ ಪ್ರತಿಯಾಗಿ ಕೊಡಬೇಕಾದುದು ಆಳು. ಮತವು ಅವರವರ ಆತ್ಮಸಾಕ್ಷಿಗೆ ಸೇರಿದುದು. ಸೌಹಾರ್ದದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದೂ ನಾನು ಹೇಳುತ್ತಿಲ್ಲ. ಪಂಚಾಯಿತಿಯ ಲೆಕ್ಕದಲ್ಲಿ ತಪ್ಪಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ಗಟ್ಟಿಯಾಗಿ ಕೇಳಿ. ಸಭೆಯಲ್ಲಿ ಎದುರಾಡಿದವರು ಸಂಜೆ ಅದೇ ಬೀದಿಯಲ್ಲಿ ನಡೆದುಹೋಗುವಾಗ ಒಬ್ಬರನ್ನೊಬ್ಬರು ಮಾತನಾಡಿಸುವಂತಿರಬೇಕು. ಅಷ್ಟೇ ನನ್ನ ಬಿನ್ನಹ.

ಕೊನೆಯದಾಗಿ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಮುಂಬರುವ ನಾಟಿಯಲ್ಲಿ ಪ್ರತಿಯೊಂದು ಬೀದಿಯವರೂ ತಮ್ಮ ಸರದಿಯ ಪಟ್ಟಿಯನ್ನು ಬರೆದು ಮೊದಲೇ ಗೊತ್ತುಮಾಡಿಕೊಳ್ಳಲಿ. ಅದರಲ್ಲಿ ಕಳೆದ ವರ್ಷ ಬಿಟ್ಟುಹೋದ ಮನೆಗಳ ಹೆಸರನ್ನು ಮೊದಲು ಬರೆಯಲಿ. ಎರಡನೆಯದು, ಹಿಂದಿರುಗಿಸಲಾರದವರ, ಅಂದರೆ ವೃದ್ಧರ, ರೋಗಿಗಳ, ಒಂಟಿ ತಾಯಂದಿರ ಒಂದೊಂದು ದಿನದ ಕೆಲಸವನ್ನು ಊರೇ ವಹಿಸಿಕೊಳ್ಳಲಿ; ಅವರಿಂದ ಮುಯ್ಯಿಯನ್ನು ನಿರೀಕ್ಷಿಸುವುದು ಬೇಡ. ಮೂರನೆಯದು, ಸಾವಿನ ಮನೆಗೆ ಹೋಗುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಲೆ ಹಚ್ಚದ ಮನೆಗೆ ಅನ್ನ ಕೊಂಡೊಯ್ಯುವುದು, ಹೆಗಲು ಕೊಡುವುದು ನಮ್ಮ ನಾಡಿನ ಎಲ್ಲ ಜಾತಿ ಮತಗಳವರಲ್ಲಿ ಇರುವ ಧರ್ಮ. ಅಲ್ಲಿಯೂ ಪಕ್ಷವನ್ನು ನೋಡುವಂತಾದರೆ ಮನುಷ್ಯತ್ವಕ್ಕೆ ಉಳಿದಿರುವ ಕೊನೆಯ ಬಾಗಿಲೂ ಮುಚ್ಚಿದಂತೆ. ನಾಲ್ಕನೆಯದು, ಮತ ಎಣಿಕೆಯಾದ ದಿನ ಗೆದ್ದವರು ಸೋತವರ ಮನೆಯ ಮುಂದೆ ಪಟಾಕಿ ಹಚ್ಚುವುದನ್ನು ಬಿಟ್ಟು, ಒಂದು ವಾರ ಕಳೆದ ಮೇಲೆ ಅವರ ಮನೆಗೆ ತಾವಾಗಿಯೇ ಹೋಗಿಬರಲಿ. ಮೊದಲು ಹೋಗಬೇಕಾದವರು ಗೆದ್ದವರು. ಸೋತವರಿಗೆ ಅದು ಕಷ್ಟ.

'ಪಕ್ಕ' ಎಂಬುದು 'ಪಕ್ಷ' ಎಂಬ ಶಬ್ದದ ತದ್ಭವವೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಪಕ್ಷವು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರುತ್ತದೆ. ಪಕ್ಕದವರು ದಿನವೂ ಅಲ್ಲಿರುತ್ತಾರೆ. ನಡುರಾತ್ರಿ ಮಗುವಿಗೆ ಜ್ವರ ಬಂದರೆ, ಹಸು ಕರು ಹಾಕಲಾರದೆ ನರಳಿದರೆ, ನಾವು ಕೂಗುವುದು ಗೋಡೆಯಾಚೆಗೇ. ಆ ಕೂಗಿಗೆ ಓಗೊಡುವವರು ಇರುವವರೆಗೆ ಇದು ಊರು. ಈ ವರ್ಷದ ನಾಟಿಗೆ ಇನ್ನು ಹೆಚ್ಚು ದಿನಗಳಿಲ್ಲ, ಸಸಿಮಡಿಗಳು ಸಿದ್ಧವಾಗುತ್ತಿವೆ. ಸರದಿಯ ಪಟ್ಟಿಯನ್ನು ಈ ಭಾನುವಾರವೇ ಬರೆಯಲು ಆರಂಭಿಸೋಣ. ದೇವರು ನಮ್ಮೆಲ್ಲರ ಮನೆಗಳನ್ನು ಹರಸಲಿ.